ಸಂತೆಯಲ್ಲಿ ನಿಂತ ಬೋಧಕರು



ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಸೀಮೆಯನ್ನು ನೆನೆದೊಡನೆ ಬಸವಣ್ಣನವರ ಬಾಗೇವಾಡಿಯೂ ನಮ್ಮ ನೆನಪಿಗೆ ಬರುವುದು. ದೇವರ ಮಾತು ಪಂಡಿತರೊಬ್ಬರದೇ ಸೊತ್ತಲ್ಲವೆಂಬುದು ಆ ಸೀಮೆಯಲ್ಲಿ, ತಾಂಬಾದಂತಹ ಊರಿನ ಒಕ್ಕಲಿಗನಿಗೂ ಹೊಸ ಸುದ್ದಿಯಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ತಮ್ಮ ಕಾಯಕವನ್ನು ಬಿಡದೆ, ತಮ್ಮ ಆಡುನುಡಿಯಲ್ಲಿ ಅದನ್ನು ಸಾರಿದ್ದರು. ಇಂದು ನಾವು ಹೇಳಹೊರಟಿರುವುದು ಇಂಗ್ಲೆಂಡಿನ ಮೆಥಡಿಸ್ಟ್ ಬೋಧಕರ ಸಂಗತಿಯನ್ನು. ಆದರೂ ಕಥೆಯನ್ನು ಇಲ್ಲಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಅದು ಮುಂದೆ ತಾನಾಗಿ ತಿಳಿಯುವುದು.

ಜಾನ್ ವೆಸ್ಲಿಯವರು 1703ರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ಅವರೂ ಅವರ ಗೆಳೆಯರೂ ಪ್ರಾರ್ಥನೆ, ಉಪವಾಸ, ಸೆರೆಮನೆಯವರ ಸೇವೆ ಇವುಗಳನ್ನು ಗಡಿಯಾರದಂತೆ ಕ್ರಮವಾಗಿ ನಡೆಸುತ್ತಿದ್ದುದರಿಂದ, ಇತರರು ಅವರನ್ನು ಮೆಥಡಿಸ್ಟರು, ಎಂದರೆ ಕ್ರಮದವರು, ಎಂದು ಹಾಸ್ಯಮಾಡಿದರು. ಹಾಸ್ಯದ ಹೆಸರೇ ಮುಂದೆ ಪಂಥದ ಹೆಸರಾಗಿ ನಿಂತಿತು. 1738ರ ಮೇ 24ರಂದು ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಅವರಿಗೆ ಅಂತರಂಗದ ನೆಮ್ಮದಿ ದೊರೆಯಿತು. ಮರುವರ್ಷ ಅನೇಕ ದೇವಾಲಯಗಳ ಬಾಗಿಲು ಅವರಿಗೆ ಮುಚ್ಚಿದುದರಿಂದ, ಗೆಳೆಯರಾದ ಜಾರ್ಜ್ ವಿಟ್‌ಫೀಲ್ಡರ ಮೇಲ್ಪಂಕ್ತಿಯನ್ನು ಅನುಸರಿಸಿ, ಬ್ರಿಸ್ಟಲ್ ನಗರದ ಬಯಲಿನಲ್ಲಿ ನಿಂತು ಉಪದೇಶ ಮಾಡಿದರು. ಬಯಲಿನಲ್ಲಿ ಬೋಧಿಸುವುದು ಮೊದಲು ಅವರಿಗೇ ಅಸಭ್ಯವೆಂದು ತೋರಿದ್ದಿತು! ಅಂದಿನಿಂದ ಐವತ್ತು ವರ್ಷಕ್ಕೂ ಮೇಲೆ, 1791ರಲ್ಲಿ ದೇಹಬಿಡುವವರೆಗೆ, ಅವರು ಬಹುಪಾಲು ಕುದುರೆಯ ಮೇಲೆಯೇ ಸಂಚರಿಸಿದರು. ಆ ಸಂಚಾರವು ಎರಡೂವರೆ ಲಕ್ಷ ಮೈಲಿಗಳಷ್ಟಾಯಿತೆಂದು ಲೆಕ್ಕಹಾಕಿದ್ದಾರೆ.

ಅವರ ಸಂಗಡಿಗರಲ್ಲಿ ವಿದ್ವಾಂಸರು ಕೆಲವರೇ. ಜಾನ್ ನೆಲ್ಸನ್ ಎಂಬುವರು ಕಲ್ಲುಕುಟಿಗರು. ದುಡಿಮೆಯ ನಡುವೆಯೇ ಬೋಧಕರಾದರು. ಹನ್ನೆರಡು ಮಂದಿಯ ಸುಮಾರಿಗೆ ಒಂದು ಕೂಟ. ವಾರಕ್ಕೊಂದು ಪೆನ್ನಿ ಕಾಣಿಕೆ. ಒಬ್ಬರ ಸುಖದುಃಖವನ್ನು ಮತ್ತೊಬ್ಬರು ವಿಚಾರಿಸುವುದು: ಈ ಕಟ್ಟುಪಾಡಿನಿಂದ ಗಣಿಯ ಕೂಲಿಗಳೂ ನೇಕಾರರೂ ಒಂದು ಸಮಾಜವಾದರು. ಶರಣರ ಇತಿಹಾಸವನ್ನು ಬಲ್ಲ ಕನ್ನಡಿಗರಿಗೆ ಇದೆಲ್ಲವೂ ಪರಿಚಿತವೆಂದೇ ತೋರೀತು.

ಈ ಪಂಥದವರಾದ ಎಲೈಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ ಎಂಬುವರು 1821ರಲ್ಲಿ ಬೆಂಗಳೂರಿಗೆ ಬಂದರು. ಮೊದಮೊದಲು ಅವರ ಕೆಲಸವೆಲ್ಲ ದಂಡಿನ ಪ್ರದೇಶದಲ್ಲಿ, ಹೆಚ್ಚಾಗಿ ತಮಿಳರ ನಡುವೆ. 1830ರ ದಶಕದಲ್ಲಿ ಥಾಮಸ್ ಹಾಡ್ಸನ್ನರು ಕನ್ನಡ ಜನರ ಕಡೆಗೆ ತಿರುಗಿ, ಗುಬ್ಬಿಯಲ್ಲಿ ನೆಲೆಯೂರಿದರು. ಗುಬ್ಬಿಯು ಅಡಕೆ ಕೊಬ್ಬರಿಗಳ ಪೇಟೆ. ವೀರಶೈವ ವರ್ತಕರ ಊರು. ಮಲ್ಲಣಾರ್ಯನಂತಹ ಕವಿಯನ್ನು ಕೊಟ್ಟ ಊರು. ಅಲ್ಲಿಗೆ 1839ರಲ್ಲಿ ಹಡಗನ್ನೇರಿ ಬಂದವರು ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣರು. ಆಗ ಅವರ ವಯಸ್ಸು ಇಪ್ಪತ್ತು.

ಬ್ರಿಸ್ಟಲಿನ ಬಯಲಿನಲ್ಲಿ ಫಲಿಸಿದ ಉಪಾಯವು ಗುಬ್ಬಿಯ ಸಂತೆಯಲ್ಲಿ ಏಕೆ ಹಾಗೆಯೇ ಫಲಿಸಲಿಲ್ಲ? ವೆಸ್ಲಿಯವರು ಗಣಿಯವರೊಡನೆ ಮಾತನಾಡಿದುದು ತಾಯಿನುಡಿಯಲ್ಲಿ. ಇಲ್ಲಿಯಾದರೋ ಬೋಧಕರು "ಪಾಪ" ಎಂದರೆ, ಕೇಳುವವನು ಜನ್ಮಾಂತರದ ಕರ್ಮವನ್ನು ನೆನೆಯುವನು; "ಮುಕ್ತಿ" ಎಂದರೆ, ಹುಟ್ಟುಸಾವುಗಳ ಬಿಡುಗಡೆಯೆಂದು ತಿಳಿಯುವನು. ಮಾತು ಒಂದೇ, ಅರ್ಥ ಬೇರೆ. ಅದಲ್ಲದೆ, ದುಡಿಯುವವನೂ ದೇವರಿಗೆ ಸಮೀಪನೆಂಬ ವಾರ್ತೆಯನ್ನು ಅವರು ಒಯ್ದುದು ಅದನ್ನು ಏಳುನೂರು ವರ್ಷಗಳ ಹಿಂದೆಯೇ ಕೇಳಿದ್ದ ಜನರ ಬಳಿಗೆ. ಆ ಕಾಲದ ಮಿಶನ್ ಕರಪತ್ರಗಳಲ್ಲಿ ಈ ನಾಡಿನ ಆಚಾರಗಳ ಮೇಲೆ ಕಠಿನವಾದ ನಿಂದೆಯೂ ಇದ್ದಿತು. ಹೇಳುವ ಆತುರದಲ್ಲಿ ಕೇಳುವ ತಾಳ್ಮೆ ಕಡಿಮೆಯಾಯಿತೆಂದು ನಾವು ಹೇಳಿದರೆ ಅನ್ಯಾಯವಾಗಲಾರದು. ಮೊದಲ ದಶಕಗಳಲ್ಲಿ ಅವರನ್ನು ಸೇರಿದವರು ಕೆಲವರೇ. ಹಾಗೆ ಸೇರಿದವರಲ್ಲಿ ಎಷ್ಟೋ ಜನರು ಮನೆಯನ್ನೂ ನಂಟರನ್ನೂ ಕಳೆದುಕೊಳ್ಳಬೇಕಾಯಿತು. ಈ ಬೆಲೆಯನ್ನು ತೆತ್ತವರು ಪರದೇಶದ ಬೋಧಕರಲ್ಲ, ನಮ್ಮವರೇ ಎಂಬುದನ್ನು ಮರೆಯಲಾಗದು. ಆರ್ಥರರು ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದರು. ಅವರು ಈ ಸೀಮೆಯ ಅನುಭವಗಳನ್ನು ಬರೆದ ಪುಸ್ತಕವು 1847ರಲ್ಲಿ ಪ್ರಕಟವಾಯಿತು.

ಉಳಿದವರು ಕನ್ನಡವನ್ನು ಕಲಿಯಲು ಕುಳಿತರು. ಆ ಕಲಿಕೆಯೇ ಅವರಿಂದ ನಮಗೆ ದೊರೆತ ದೊಡ್ಡ ಲಾಭ. 1840ರಲ್ಲಿ ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಶನ್ ಮುದ್ರಣಾಲಯವು ಸ್ಥಾಪಿತವಾಯಿತು. ಅದರ ಜಾನ್ ಗ್ಯಾರೆಟ್ಟರು 1849ರಲ್ಲಿ ಪ್ರಕಟಿಸಿದ ಗ್ರಂಥ ಯಾವುದು ಬಲ್ಲಿರಾ? ಸಂಸ್ಕೃತ, ಕನ್ನಡ, ಇಂಗ್ಲಿಷುಗಳೊಡಗೂಡಿದ ಭಗವದ್ಗೀತೆ! ಇವರೇ ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು. ಬಳ್ಳಾರಿಯ ರೀವ್ ಅವರ ಕನ್ನಡ ನಿಘಂಟನ್ನು ಡ್ಯಾನಿಯಲ್ ಸ್ಯಾಂಡರ್ಸನ್ನರು ಪರಿಷ್ಕರಿಸಿ, ಹಿಗ್ಗಿಸಿ, 1858ರಲ್ಲಿ ಅದೇ ಮುದ್ರಣಾಲಯದಿಂದ ಹೊರತಂದರು. 1887ರಲ್ಲಿ ಮೈಸೂರಿನಲ್ಲಿ ಹೆನ್ರಿ ಹೇಗ್ ಅವರು "ವೃತ್ತಾಂತ ಪತ್ರಿಕೆ" ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಚರ್ಚಿನ ಮೆಟ್ಟಲನ್ನು ಎಂದೂ ತುಳಿಯದ ಓದುಗರೂ ಅದರ ಸುದ್ದಿಗಾಗಿ ಕಾದಿರುತ್ತಿದ್ದರು. ಶಾಲೆಗಳು ತೆರೆದುವು, 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ತೆರೆಯಿತು. ಊರಿನವರ ಬಾಯಲ್ಲಿ ಅದು ಮಿಶನ್ ಆಸ್ಪತ್ರೆ.

1947ರಲ್ಲಿ ಈ ಸೀಮೆಯ ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾದುವು. ಬೇರೆ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು. ಆ ಬೋಧಕರು ಎಣಿಸಿದ ಬೆಳೆ ಒಂದು, ಈ ನೆಲ ಕೊಟ್ಟ ಬೆಳೆ ಇನ್ನೊಂದು. ಅವರನ್ನು ಹೊಗಳುವುದಕ್ಕಾಗಲಿ ಹಳಿಯುವುದಕ್ಕಾಗಲಿ ಮುನ್ನ, ನಾವು ಒಂದನ್ನು ಕೇಳಿಕೊಳ್ಳಬಹುದು: ಪರದೇಶದಿಂದ ಬಂದ ತರುಣನು ಸಂತೆಯ ಮಾತನ್ನು ಅರಿಯಲು ನಿಘಂಟನ್ನು ಹಿಡಿದು ಕುಳಿತನು, ಸಂತೆಯ ಜನರ ಮಾತನ್ನು ಅರಿಯಲು ನಗರವಾಸಿಗಳಾದ ನಾವು ಎಷ್ಟು ಶ್ರಮಪಟ್ಟಿದ್ದೇವೆ?