ಬೇಸಗೆಯ ಸಂಸಾರದಲ್ಲಿ ಸೂಜಿಯ ಕೆಲಸ



ಬೇಸಗೆಯ ರಜವೆಂದರೆ ಮಕ್ಕಳಿಗೆ ಹರ್ಷ, ಉಪಾಧ್ಯಾಯರಿಗೆ ವಿಶ್ರಾಂತಿ, ಗೃಹಿಣಿಗೆ ಮಾತ್ರ ದುಡಿಮೆಯ ಸುಗ್ಗಿ. ನಮ್ಮ ನಾಡಿನ ಪಾಠಶಾಲೆಗಳು ಏಪ್ರಿಲ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಮುಚ್ಚಿ ಮೇ ತಿಂಗಳ ಕೊನೆಗೆ ತೆರೆಯುತ್ತವೆ. ಸುಮಾರು ಏಳು ವಾರ. ದಿನಗಳ ಲೆಕ್ಕದಲ್ಲಿ 49. ಅಷ್ಟರೊಳಗೆ ಹಪ್ಪಳ ಸಂಡಿಗೆಗಳಾಗಬೇಕು, ಮಾವಿನಕಾಯಿ ಉಪ್ಪಿಗೆ ಬೀಳಬೇಕು, ಹುಣಸೆಹಣ್ಣಿನ ಬೀಜ ಬಿಡಿಸಿ ವರ್ಷಕ್ಕಾಗುವಷ್ಟನ್ನು ತುಂಬಿಡಬೇಕು, ಸಾರಿನ ಪುಡಿಗೆ ಮೆಣಸಿನಕಾಯಿ ಒಣಗಬೇಕು. ಇವುಗಳ ನಡುವೆ ವೈಶಾಖದ ಮದುವೆಗಳು, ಊರಹಬ್ಬಗಳು, ಬರುವ ನೆಂಟರು, ಹೋಗುವ ನೆಂಟರು. ಇಂಥ ಕಾಲದಲ್ಲಿ ಹೊಲಿಗೆಯ ಮಾತನ್ನೆತ್ತುವುದು ಉರಿಯುವ ಒಲೆಯ ಮುಂದೆ ಕುಳಿತವಳಿಗೆ ವೀಣೆ ನುಡಿಸೆಂದು ಹೇಳಿದಂತೆ ಎಂದು ನೀವು ನಗಬಹುದು. ನಾವೂ ಹಲವು ವರ್ಷ ಹಾಗೆಯೇ ನಕ್ಕವರು. ಹಾಗೆ ನಕ್ಕು ಕಳೆದುಕೊಂಡುದೇನೆಂಬುದನ್ನು ಅರಿಕೆ ಮಾಡುವುದಕ್ಕಾಗಿಯೇ ಈ ದಿನ ನಿಮ್ಮ ಮುಂದೆ ಬಂದಿದ್ದೇವೆ.

ನಮ್ಮ ಮನೆಯಿರುವುದು ಪಾಂಡವಪುರದಲ್ಲಿ. ಈ ಊರಿಗೆ ಹಿರೋಡೆಯೆಂಬುದು ಹಳೆಯ ಹೆಸರು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದ ಕಾರಣ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರಿದ್ದರೆಂಬ ಪ್ರತೀತಿಯಿಂದ ಈಗಿನ ಹೆಸರು ನಿಂತಿದೆ. ಊರು ಮೂರು ಹೆಸರುಗಳನ್ನು ಕಂಡಿತು. ಆದರೆ ಊರಿನ ಹೆಂಗಸರ ಬೇಸಗೆಯ ಕೆಲಸ ಮಾತ್ರ ಒಂದೇ ಹೆಸರಿನಲ್ಲಿ ಉಳಿದಿದೆ. ಬೆಂಗಳೂರು ಮೈಸೂರುಗಳಲ್ಲಿ ನೆಲಸಿರುವ ಮಕ್ಕಳು ಮೊಮ್ಮಕ್ಕಳು ರೈಲಿಳಿದು ಬಂದರೆಂದರೆ ನಮ್ಮ ಮನೆಯಲ್ಲಿ ಹದಿನಾಲ್ಕು ಎಲೆ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಫಾಲ್ಗುಣ ಮಾಸದಲ್ಲಿ ವೈರಮುಡಿ ಉತ್ಸವಕ್ಕೆಂದು ಮೇಲುಕೋಟೆಗೆ ಹೋಗಿದ್ದೆವು. ಅಲ್ಲಿ ನಮ್ಮ ಸೋದರತ್ತೆಯವರ ಮನೆ. ಮಂಡ್ಯದ ಖಜಾನೆಯಿಂದ ಬರುವ ವೈರಮುಡಿಯನ್ನು ಕಣ್ತುಂಬ ನೋಡಿ, ಮರುದಿನ ಹೊರಡುವ ಹೊತ್ತಿನಲ್ಲಿ ಅತ್ತೆಯವರು ಒಂದು ಗಂಟನ್ನು ನಮ್ಮ ಕೈಯಲ್ಲಿಟ್ಟರು. ಅದರಲ್ಲಿ ಅವರು ಉಟ್ಟು ಮೆತ್ತಗಾಗಿದ್ದ ನಾಲ್ಕು ನೂಲಿನ ಸೀರೆಗಳಿದ್ದವು. “ಮಗಳ ಮದುವೆಯಾಯಿತು. ನಾಳೆ ಬಾಣಂತನಕ್ಕೆ ಬರುತ್ತಾಳೆ. ಮಗುವಿಗೊಂದು ಬೊಂತೆ ಹೊಲಿದಿಡಮ್ಮ” ಎಂದರು. “ಈ ಬೇಸಗೆಯಲ್ಲಿ ಬಿಡುವಾದ ಕೂಡಲೆ ಹೊಲಿಯುತ್ತೇವೆ, ಅತ್ತೆ” ಎಂದು ಮಾತುಕೊಟ್ಟು ಬಂದೆವು.

ಆ ಬೇಸಗೆಯಲ್ಲಿ ಬಿಡುವಾಗಲಿಲ್ಲ. ಮರುವರ್ಷವೂ ಆಗಲಿಲ್ಲ. ಮೂರನೆಯ ವರ್ಷದಲ್ಲಿ ಮಗಳು ಗರ್ಭಿಣಿಯೆಂಬ ಶುಭವಾರ್ತೆ ಬಂದಾಗ ಪೆಟ್ಟಿಗೆಯ ತಳದಿಂದ ಗಂಟನ್ನು ತೆಗೆದು ಬಿಚ್ಚಿದೆವು. ಒಂದೇ ಮಡಿಕೆಯಲ್ಲಿ ಬಹುಕಾಲ ಬಿದ್ದಿರುವ ನೂಲುಬಟ್ಟೆ ಆ ಮಡಿಕೆಯ ಗೆರೆಯಲ್ಲಿಯೇ ಸತ್ತ್ವಗುಂದುತ್ತದೆ. ಗಂಜಿಯ ಪಸೆ ಉಳಿದಿದ್ದರಂತೂ ಹುಳುಗಳಿಗೆ ಹಬ್ಬ. ಒಂದು ಸೀರೆ ಹರಡುವಾಗಲೇ ಸರ್ರನೆ ಸೀಳಿತು. ಎರಡರಲ್ಲಿ ಮಡಿಕೆಯುದ್ದಕ್ಕೂ ತೂತು. ನಾಲ್ಕನೆಯದು ಅರ್ಧಮಾತ್ರ ಗಟ್ಟಿಯಾಗಿತ್ತು. ದೋಷ ಪೆಟ್ಟಿಗೆಯದೂ ಅಲ್ಲ, ಹುಳುವಿನದೂ ಅಲ್ಲ, ನಮ್ಮದು. ಬೇಸಗೆ ಕಳೆಯಲು ಅತ್ತೆಯವರೇ ನಮ್ಮಲ್ಲಿಗೆ ಬರುವವರಿದ್ದರು. ಯಾವ ಮುಖದಿಂದ ಅವರಿಗೆ ಇದನ್ನು ತೋರಿಸುವುದು?

ಅವರು ಬಂದರು, ನೋಡಿದರು. ಬೈಯಲಿಲ್ಲ. ಬಟ್ಟೆಯನ್ನು ಬೆರಳಿನಿಂದ ಎಳೆದೆಳೆದು ಗಟ್ಟಿಯೆಲ್ಲಿ ಜಾಳೆಲ್ಲಿ ಎಂದು ಪರೀಕ್ಷಿಸಿ, “ದೊಡ್ಡ ತುಂಡು ಸಿಕ್ಕುವುದಿಲ್ಲ. ಸಣ್ಣವು ಬೇಕಾದಷ್ಟು ಸಿಕ್ಕುತ್ತವೆ. ಬಿಡುವೂ ಹಾಗೆಯೇ ಕಣಮ್ಮ, ಇಡಿಯಾಗಿ ಯಾರಿಗೂ ಸಿಕ್ಕುವುದಿಲ್ಲ; ಗಟ್ಟಿಯಿರುವ ಕಡೆ ಕತ್ತರಿಸಿಕೊಳ್ಳಬೇಕು” ಎಂದರು. ಈ ದಿನದ ನಮ್ಮ ಉಪನ್ಯಾಸವೆಲ್ಲ ಈ ಒಂದು ಮಾತಿನ ವ್ಯಾಖ್ಯಾನವೆಂದು ತಿಳಿಯಬಹುದು.

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಹೊದಿಕೆ ಹಾಸಿಗೆಗಳು ನಮ್ಮ ದೇಶಕ್ಕೆ ಹೊಸತಲ್ಲ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಧಾರವಾಡ ವಿಜಯಪುರಗಳ ಕಡೆ ಕೌದಿ. ನಮ್ಮಲ್ಲಿ “ಕಂತೆಗೆ ತಕ್ಕ ಬೊಂತೆ” ಎಂಬ ಗಾದೆಯೇ ಉಂಟು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ನೆಲಸಿರುವ ಸಿದ್ದಿ ಸ್ತ್ರೀಯರು ಹೊಲಿಯುವ ಕವಂದಿಗಳು ಈಗ ಪರದೇಶಗಳಲ್ಲಿಯೂ ಹೆಸರಾಗಿವೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಅಂಚಿನಿಂದ ಪ್ರಾರಂಭಿಸಿ ಸುತ್ತುಸುತ್ತಾಗಿ ತುಂಡುಗಳನ್ನಿಟ್ಟು ಹೊಲಿಯುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗಳಿಗೂ ಮಡಿಸಿದ ಮುಕ್ಕೋನದ ತುಂಡುಗಳನ್ನು ಕೂಡಿಸುತ್ತಾರೆ. ಅವಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಮೂಲೆಗೆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿದು.

ಆದರೆ ಕೌದಿಯನ್ನಾಗಲಿ ಕವಂದಿಯನ್ನಾಗಲಿ ಹೊಲಿಯಲು ಅದನ್ನು ಪೂರ್ತಿ ಹರಡುವಷ್ಟು ನೆಲ ಬೇಕು. ಹದಿನಾಲ್ಕು ಎಲೆ ಬೀಳುವ ಮನೆಯಲ್ಲಿ ಬೇಸಗೆಯ ಕಾಲಕ್ಕೆ ಅಷ್ಟು ನೆಲವೆಲ್ಲಿ? ಹಗಲು ಹರಡಿದ್ದನ್ನು ರಾತ್ರಿ ನೆಂಟರ ಹಾಸಿಗೆಗಾಗಿ ಸುತ್ತಿಡಬೇಕು. ಸುತ್ತಿಟ್ಟುದು ಹಾಗೆಯೇ ಉಳಿಯುತ್ತದೆ. ಆದುದರಿಂದ ಅತ್ತೆಯವರು ಹೇಳಿಕೊಟ್ಟುದು ಬೇರೆ ಕ್ರಮ. ಬೊಂತೆಯನ್ನು ಹೊಲಿಯಬೇಡಿ, ಚೌಕಗಳನ್ನು ಹೊಲಿಯಿರಿ. ಚೌಕಗಳು ಕೂಡಿ ತಾವೇ ಬೊಂತೆಯಾಗುತ್ತವೆ.

ಕ್ರಮ ಹೀಗೆ. ಸೀರೆಯ ಗಟ್ಟಿ ಭಾಗದಿಂದ ಏಳು ಅಂಗುಲದ ಚೌಕಗಳನ್ನು ಎರಡೆರಡಾಗಿ ಕತ್ತರಿಸಿಕೊಳ್ಳಿ. ಒಂದು ಮೇಲಕ್ಕೆ, ಒಂದು ಅಡಿಗೆ. ಇವೆರಡರ ಅಂಚನ್ನೂ ನಾಲ್ಕು ಕಡೆ ಅರ್ಧ ಅಂಗುಲ ಒಳಕ್ಕೆ ಮಡಿಸಿ, ನಡುವೆ ಹಳೆಯ ಪಂಚೆಯ ಆರು ಅಂಗುಲದ ಎರಡು ಪದರಗಳನ್ನಿಟ್ಟು, ಸುತ್ತಲೂ ಹೊಲಿದು ಮುಚ್ಚಿರಿ. ಬಳಿಕ ಅಂಗುಲಕ್ಕೊಂದರಂತೆ ಐದು ಗೆರೆ ಸಾದಾ ಹೊಲಿಗೆ ಹಾಕಿರಿ. ಒಂದು ಚೌಕ ಮುಗಿಯಿತು. ಅಂಚು ಒಳಗೆ ಸೇರಿರುವುದರಿಂದ ಎಳೆ ಬಿಡುವುದಿಲ್ಲ. ವಾರಗಟ್ಟಲೆ ಚೀಲದಲ್ಲಿ ಬಿದ್ದಿದ್ದರೂ ಬಾಧಕವಿಲ್ಲ. ರೂಢಿಯಾದ ಕೈಗೆ ಅರ್ಧ ಗಂಟೆಯ ಕೆಲಸ, ಹೊಸಬರಿಗೆ ಮುಕ್ಕಾಲು ಗಂಟೆ.

ಈಗ ಲೆಕ್ಕ ಹಾಕೋಣ. ಐದು ಸಾಲಿಗೆ ಐದೈದರಂತೆ 25 ಚೌಕಗಳಾದರೆ ಎರಡೂವರೆ ಅಡಿ ಉದ್ದಗಲದ ಹಾಸು ಆಗುತ್ತದೆ. ದಿನಕ್ಕೊಂದು ಚೌಕವೆಂದರೆ 25 ದಿನ. ಚೌಕಗಳನ್ನು ಅಂಚಿಗಂಚು ಕೂಡಿಸಿ ಸಾಲು ಮಾಡಲು ಸಾಲಿಗೊಂದರಂತೆ 5 ದಿನ. ಸಾಲುಗಳನ್ನು ಕೂಡಿಸಲು 4 ದಿನ. ಸೀರೆಯ ಅಂಚಿನಿಂದ ಸುತ್ತಲೂ ಕಟ್ಟು ಹಾಕಲು ಮಗ್ಗುಲಿಗೊಂದರಂತೆ 4 ದಿನ. ಒಟ್ಟು 38. ರಜದ 49 ದಿನಗಳಲ್ಲಿ ಇನ್ನೂ 11 ಉಳಿದುವು. ಅವನ್ನು ಮದುವೆಗೆ, ಜಾತ್ರೆಗೆ, ಮೈ ಸರಿಯಿಲ್ಲದ ದಿನಗಳಿಗೆ ಬಿಡಬಹುದು.

ಆ ಅರ್ಧ ಗಂಟೆ ಸಿಕ್ಕುವುದಾದರೂ ಎಲ್ಲಿ ಎಂಬುದು ನಿಮ್ಮ ಪ್ರಶ್ನೆ. ಬೇಸಗೆಯ ಕೆಲಸದೊಳಗೇ ಅದು ಅಡಗಿದೆ. ಮಾಳಿಗೆಯ ಮೇಲೆ ಸಂಡಿಗೆಯಿಟ್ಟ ಮೇಲೆ ಕಾಗೆಗಳನ್ನು ಕಾಯಲು ಒಬ್ಬರು ಕೂರಬೇಕಷ್ಟೆ. ಕೈಗೆ ಕೋಲು ಬೇಕು, ಕಣ್ಣು ಆಗಾಗ್ಗೆ ಮೇಲೇಳಬೇಕು. ಮಿಕ್ಕ ಹೊತ್ತೆಲ್ಲ ಬರಿದೇ ಕಳೆಯುತ್ತದೆ. ಮೆಟ್ಟಿಲ ಬಾಗಿಲಿನ ನೆರಳಿನಲ್ಲಿ ಕುಳಿತರೆ ಆ ಹೊತ್ತು ಹೊಲಿಗೆಗೆ ಹೇಳಿಮಾಡಿಸಿದ್ದು. ಮಧ್ಯಾಹ್ನ ಊಟವಾಗಿ ಮನೆಯೆಲ್ಲ ನಿದ್ರಿಸುವ ಹೊತ್ತು ಮತ್ತೊಂದು. ಯಂತ್ರದಲ್ಲಿ ಹೊಲಿಯಹೊರಟರೆ ಆ ಸದ್ದಿಗೆ ತೊಟ್ಟಿಲ ಮಗು ಏಳುತ್ತದೆ, ಕೈಸೂಜಿಗೆ ಸದ್ದಿಲ್ಲ. ರೈಲಿಗಾಗಿ ಕಾಯುವ ಹೊತ್ತು, ಮದುವೆಯ ಮನೆಯಲ್ಲಿ ಮುಹೂರ್ತಕ್ಕಾಗಿ ಕಾಯುವ ಹೊತ್ತು, ಇವೆಲ್ಲವೂ ಒಂದೊಂದು ತುಂಡು. ದೀಪ ಹಚ್ಚಿದ ಮೇಲೆ ಮಾತ್ರ ಸೂಜಿ ಹಿಡಿಯಬೇಡಿರೆಂದು ಹಿರಿಯರು ಹೇಳುತ್ತಿದ್ದುದುಂಟು. ಶಾಸ್ತ್ರ ಹೇಗೇ ಇರಲಿ, ಕಣ್ಣಿಗೆ ಅದು ಹಿತವಚನವೇ.

ಕಣ್ಣಿನ ಮಾತು ಬಂದಿತು. ಅತ್ತೆಯವರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಹೊಲಿಗೆಯ ಗೆರೆ ಬೆರಳಿಗೆ ತಿಳಿಯುತ್ತಿತ್ತು, ಆದರೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಒಂದೊಂದು ಸಲ ದಾರ ಮುಗಿದಾಗಲೂ ಯಾರನ್ನಾದರೂ ಕೂಗಿ ಕರೆದು, ಅವರು ಬರುವವರೆಗೆ ಕೈಕಟ್ಟಿ ಕೂರುತ್ತಿದ್ದರು. ಇದನ್ನು ಕಂಡು ನಾವು ಒಂದು ಏರ್ಪಾಡು ಮಾಡಿದೆವು. ಬೆಳಿಗ್ಗೆ ಕಾಫಿಯಾದ ಮೇಲೆ ಮಕ್ಕಳೆಲ್ಲ ಸೇರಿ ಹತ್ತು ಸೂಜಿಗಳಿಗೆ ಒಂದೂವರೆ ಮೊಳದಂತೆ ದಾರ ಪೋಣಿಸಿ, ಹತ್ತಿ ತುಂಬಿದ ಒಂದು ಸಣ್ಣ ದಿಂಬಿಗೆ ಚುಚ್ಚಿಡಬೇಕು. ಚೌಕಕ್ಕೆ ಮೂರು ನಾಲ್ಕು ಸೂಜಿ ಸಾಕು. ಹತ್ತಿದ್ದರೆ ಇಬ್ಬರು ದಿನವೆಲ್ಲ ಹೊಲಿಯಬಹುದು. ಸಂಜೆ ದೀಪ ಹಚ್ಚುವ ಮುನ್ನ ಮಕ್ಕಳೇ ಎಣಿಸಿ ಹತ್ತನ್ನೂ ಒಪ್ಪಿಸಬೇಕು. ಹರಿದಾಡುವ ಕೂಸುಗಳಿರುವ ಮನೆಯಲ್ಲಿ ಈ ಎಣಿಕೆ ಎಂದಿಗೂ ತಪ್ಪತಕ್ಕದ್ದಲ್ಲ. ಎಂಟು ವರ್ಷದ ಹುಡುಗನೊಬ್ಬ ಈ ಅಧಿಕಾರವನ್ನು ವಹಿಸಿಕೊಂಡು, ಒಂದು ಸಂಜೆ ಒಂಬತ್ತೇ ಸಿಕ್ಕಿದಾಗ ಮನೆಮಂದಿಯನ್ನೆಲ್ಲ ಎಬ್ಬಿಸಿ ಚಾಪೆ ಕೊಡಹಿಸಿದನು. ಹತ್ತನೆಯದು ಅವನ ತಾತನ ಅಂಗಿಯಲ್ಲಿತ್ತು. ಅವರು ಗುಟ್ಟಾಗಿ ಗುಂಡಿ ಹೊಲಿದುಕೊಂಡು ಅಲ್ಲೇ ಚುಚ್ಚಿ ಮರೆತಿದ್ದರು!

ಬಟ್ಟೆಯ ವಿಷಯದಲ್ಲಿ ಎರಡು ಮಾತು. ಹೊಲಿಯುವ ಮೊದಲು ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ ಒಗೆದು ಗಂಜಿಯನ್ನು ಪೂರ್ತಿ ತೆಗೆಯಬೇಕು. ಬಣ್ಣ ಬಿಡುವ ಬಟ್ಟೆ ಆಗಲೇ ತನ್ನ ಗುಣವನ್ನು ತೋರಿಸುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಎಷ್ಟು ಅಂದವಾಗಿದ್ದರೂ ಕೂಸಿನ ಹಾಸಿಗೆಗೆ ಬೇಡ. ಅವು ಬೆವರನ್ನು ಹೀರುವುದಿಲ್ಲ, ನೂಲುಬಟ್ಟೆಯೊಡನೆ ಸಮನಾಗಿ ಕುಗ್ಗುವುದೂ ಇಲ್ಲ. ಅಡಿಗೆ ಹೊಸಬಟ್ಟೆಯೇ ಬೇಕೆನ್ನುವವರಿಗೆ ಖಾದಿ ಉತ್ತಮ. ಮೇಲುಕೋಟೆಯಲ್ಲಿ 1960ರಲ್ಲಿ ಸ್ಥಾಪಿತವಾದ ಜನಪದ ಸೇವಾ ಟ್ರಸ್ಟ್ ಖಾದಿಯ ನೇಯ್ಗೆಯನ್ನು ನಮ್ಮ ತಾಲ್ಲೂಕಿನಲ್ಲಿ ಬೆಳೆಸಿದ ಸಂಸ್ಥೆ. ಬೊಂತೆಯನ್ನು ಎಳೆಗೂಸಿನ ಕೆಳಕ್ಕೆ ಬಿಗಿಯಾಗಿ ಹಾಸಬೇಕೇ ಹೊರತು ಮುಖದ ಸಮೀಪಕ್ಕೆ ಹೊದಿಸಬಾರದೆಂಬ ವೈದ್ಯರ ಮಾತನ್ನೂ ಮರೆಯಬಾರದು. ಇಪ್ಪತ್ತೈದು ಚೌಕಗಳೂ ಹೆಚ್ಚೆನಿಸಿದರೆ ಒಂದೇ ಚೌಕ ಹೊಲಿಯಿರಿ; ಬಿಸಿಪಾತ್ರೆ ಇಳಿಸುವ ಬಟ್ಟೆಯಾಯಿತು. ಕೂಸಿಗೊಂದು ಕುಲಾವಿ, ಸಂತೆಗೊಂದು ಚೀಲ, ಇವೂ ಇದೇ ವರ್ಗದ ಕೆಲಸಗಳು.

ಇಷ್ಟೆಲ್ಲ ಶ್ರಮವೇಕೆ, ಅಂಗಡಿಯಲ್ಲಿ ಸಿದ್ಧವಸ್ತು ಸಿಕ್ಕುವುದಿಲ್ಲವೇ ಎಂದರೆ, ಸಿಕ್ಕುತ್ತದೆ. ಕೊಳ್ಳುವುದು ತಪ್ಪೂ ಅಲ್ಲ. ಆದರೆ ಮುತ್ತಜ್ಜಿಯ ಸೀರೆ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಮತ್ತೊಂದು ಮಾತನ್ನು ಮನೆಯ ಗಂಡಸರು ಅವಧಾನವಿಟ್ಟು ಕೇಳಬೇಕು. ಕೆಲಸವನ್ನು ಎಷ್ಟು ಸಣ್ಣದಾಗಿ ಕತ್ತರಿಸಿದರೂ ಆ ಅರ್ಧ ಗಂಟೆಯನ್ನು ಮಿಕ್ಕವರು ಕಬಳಿಸಿದರೆ ಫಲವಿಲ್ಲ. ಅವಳು ಸೂಜಿ ಹಿಡಿದು ಕುಳಿತಿರುವಾಗ ಕುಡಿಯುವ ನೀರನ್ನು ನೀವೇ ತೆಗೆದುಕೊಳ್ಳಿ. ಬಾಗಿಲಿಗೆ ಬಂದವರನ್ನು ನೀವೇ ಮಾತನಾಡಿಸಿ. ಹೊಲಿಗೆಗೆ ಬೇಕಾದ ಸಾಮಗ್ರಿಗಳಲ್ಲಿ ದಾರದಷ್ಟೇ ಇದೂ ಮುಖ್ಯ.

ನಮ್ಮ ಬೊಂತೆ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ನಮ್ಮ ಲೆಕ್ಕ ತಪ್ಪಿತು. ಎರಡು ಮದುವೆಗಳೂ ಒಂದು ಜ್ವರವೂ ಬಂದು, ರಜ ತೀರುತ್ತ ಬಂದರೂ ಇಪ್ಪತ್ತೇ ಚೌಕಗಳಾಗಿದ್ದುವು. ನಾವು ಪೇಚಾಡುತ್ತಿರಲು ಅತ್ತೆಯವರು, “ನಾಲ್ಕು ಸಾಲಿಗೇ ಕೂಡಿಸಿ. ಸಮಚೌಕವಾಗಿಲ್ಲವೆಂದು ಮಗು ಅಳುತ್ತದೆಯೇ?” ಎಂದರು. ಹಾಗೆಯೇ ಆಯಿತು. ಎಲ್ಲಿ ನಿಲ್ಲಿಸಿದರೂ ಪೂರ್ಣವೆನಿಸುವುದೇ ಈ ಕ್ರಮದ ದೊಡ್ಡ ಗುಣ. ಆಷಾಢದಲ್ಲಿ ಹೆಣ್ಣುಮಗು ಹುಟ್ಟಿತು. ಅತ್ತೆಯವರು ಬಂದು, ಬೊಂತೆಯ ಮೇಲೆ ಮಲಗಿದ್ದ ಕೂಸನ್ನಲ್ಲದೆ ಬೊಂತೆಯನ್ನೂ ಬೆರಳಿನಿಂದ ತಡವಿ, ತಮ್ಮ ಯಾವ ಸೀರೆ ಎಲ್ಲಿದೆಯೆಂದು ಒಂದೊಂದಾಗಿ ಹೇಳಿದರು. ಮರುವರ್ಷದ ಬೇಸಗೆಗೆ ಅವರು ಇರಲಿಲ್ಲ.

ಸೋದರಿಯರೇ, ಬಟ್ಟೆ ಕಾಯುವುದಿಲ್ಲ, ಕಣ್ಣು ಕಾಯುವುದಿಲ್ಲ, ಮಗು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬಿಡುವಿಗಾಗಿ ನಾವು ಕಾದರೆ ಇವು ಮೂರೂ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತವೆ. ನಾಳೆ ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಹೋಗುವಾಗ ಕೋಲಿನ ಜೊತೆಗೆ ಒಂದು ಸೂಜಿಯನ್ನೂ ಎರಡು ತುಂಡು ಬಟ್ಟೆಯನ್ನೂ ತೆಗೆದುಕೊಂಡು ಹೋಗಿರೆಂಬುದೇ ನಮ್ಮ ಪ್ರಾರ್ಥನೆ.