ನೆನಪಿದ್ದೂ ಇಲ್ಲವೆಂದವನು

ದ್ರೋಹದ ಕಥೆ ಎಂದರೆ ನಮಗೆ ತಟ್ಟನೆ ನೆನಪಾಗುವುದು ಶಕುನಿಯ ದಾಳ, ಮಂಥರೆಯ ಕಿವಿಮಾತು. ಅವು ಆಗದವರು ಮಾಡಿದ ಮೋಸ. ನಂಬಿದ ಕೈಯೇ ನಡುನೀರಿನಲ್ಲಿ ಬಿಡುವುದು ಇದೆಯಲ್ಲ, ಅದರ ಕಥೆಗೆ ನಮ್ಮಲ್ಲಿ ಶಕುಂತಲೆಯ ಕಥೆ ಎಂದು ಹೆಸರು. ಆದರೆ ಅದನ್ನು ನಾವು ಪ್ರೇಮಕಥೆ ಎಂದೇ ಓದಿಕೊಂಡು ಬಂದಿದ್ದೇವೆ. ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಹೇಳಬೇಕಾಗಿತ್ತು, ಪರೀಕ್ಷೆಗೆ ಅದೇ ತಾನೆ ಬರುವುದು!

ನಿಮಗೆ ಗೊತ್ತಿರುವುದು ಕಾಳಿದಾಸನ ಶಕುಂತಲೆ. 1983ರ ‘ಕವಿರತ್ನ ಕಾಳಿದಾಸ’ ಸಿನಿಮಾದಲ್ಲಿ ಅವಳನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಕಣ್ವರ ಆಶ್ರಮಕ್ಕೆ ರಾಜ ದುಷ್ಯಂತ ಬರುತ್ತಾನೆ, ಗಾಂಧರ್ವ ವಿವಾಹವಾಗುತ್ತದೆ, ಉಂಗುರ ಕೊಟ್ಟು ಹೋಗುತ್ತಾನೆ. ಗಂಡನ ಯೋಚನೆಯಲ್ಲಿ ಮೈಮರೆತ ಹುಡುಗಿ ದೂರ್ವಾಸರನ್ನು ಗಮನಿಸಲಿಲ್ಲ. ಶಾಪ ಬಿತ್ತು. ಉಂಗುರ ನೀರಿನ ಪಾಲಾಯಿತು. ಬಸುರಿ ಹೆಂಡತಿ ಅರಮನೆಯ ಬಾಗಿಲಿಗೆ ಬಂದಾಗ ಅವನಿಗೆ ನಿಜವಾಗಿಯೂ ನೆನಪಿಲ್ಲ. ಪಾಪ, ಅವನದೇನು ತಪ್ಪು?

ಈಗ ಮಹಾಭಾರತಕ್ಕೆ ಬನ್ನಿ. ಕಾಳಿದಾಸನಿಗೆ ಕಥೆ ಸಿಕ್ಕಿದ್ದು ಅಲ್ಲಿಯ ಆದಿಪರ್ವದಿಂದ. ಅಲ್ಲಿ ಶಾಪವಿಲ್ಲ, ಉಂಗುರವಿಲ್ಲ. ಕಣ್ವರು ಹಣ್ಣು ತರಲು ಕಾಡಿಗೆ ಹೋಗಿದ್ದಾರೆ, ಹುಡುಗಿ ಒಬ್ಬಳೇ. ತಂದೆ ಬರಲಿ ಎನ್ನುತ್ತಾಳೆ. ಇವನಿಗೆ ಅವಸರ. ಕೊನೆಗೆ ಅವಳು ಒಂದು ಕರಾರು ಹಾಕುತ್ತಾಳೆ, ನನ್ನ ಹೊಟ್ಟೆಯಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕು ಎಂದು. ಒಪ್ಪಿದ. ಸೈನ್ಯ ಕಳಿಸಿ ಕರೆಸಿಕೊಳ್ಳುತ್ತೇನೆಂದು ಹೇಳಿ ಹೋದ.

ಯಾರೂ ಬರಲಿಲ್ಲ. ಮಗ ಹುಟ್ಟಿ ಆರು ವರ್ಷದವನಾದ. ಆಗ ಅವಳು ಮಗನ ಕೈ ಹಿಡಿದು ಹಸ್ತಿನಾಪುರದ ತುಂಬಿದ ಸಭೆಗೆ ಬರುತ್ತಾಳೆ. ರಾಜನಿಗೆ ಎಲ್ಲ ನೆನಪಿತ್ತು ಎಂದು ವ್ಯಾಸರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನೆನಪಿದ್ದೂ ನೆನಪಿಲ್ಲ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೆಂಗಸರು ಸುಳ್ಳು ಹೇಳುವವರು ಎಂದ, ಅವಳ ತಾಯಿ ಮೇನಕೆಯ ನಡತೆಯನ್ನು ಎಳೆದು ತಂದ. ಪಂಚಾಯಿತಿ ಕಟ್ಟೆಯಲ್ಲಿ ಇಂಥ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕೈಬಿಟ್ಟವನು ಮೊದಲು ಹಿಡಿಯುವುದು ಹೆಣ್ಣಿನ ನಡತೆಯನ್ನು, ಆಮೇಲೆ ಅವಳ ತಾಯಿಯ ನಡತೆಯನ್ನು.

ಆದರೆ ಈ ಶಕುಂತಲೆ ಅಳುತ್ತಾ ಕೂರುವವಳಲ್ಲ. ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತೀಯಲ್ಲ, ನೀನು ಒಬ್ಬನೇ ಇದ್ದೆ ಎಂದುಕೊಂಡೆಯಾ, ನಿನ್ನೊಳಗೆ ಕೂತು ನೋಡುವವನೊಬ್ಬನಿದ್ದಾನೆ ಎಂದು ಕೇಳುತ್ತಾಳೆ. ಸಾವಿರ ಅಶ್ವಮೇಧಕ್ಕಿಂತ ಸತ್ಯವೇ ಹೆಚ್ಚು ತೂಗುತ್ತದೆ ಎನ್ನುತ್ತಾಳೆ. ನೀನು ಬೇಡವೆಂದರೂ ನನ್ನ ಮಗ ಭೂಮಿ ಆಳುತ್ತಾನೆ ಎಂದು ಹೇಳಿ ಹೊರಟೇಬಿಡುತ್ತಾಳೆ.

ಕಾಳಿದಾಸ ಮಹಾಕವಿ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಬಸವಪ್ಪ ಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಆದರೂ ಕೇಳಬೇಕಾದದ್ದನ್ನು ಕೇಳಬೇಕು. ನಾಯಕನನ್ನು ಉಳಿಸಲು ಕವಿ ಶಾಪ ತಂದ. ಆ ಶಾಪಕ್ಕೆ ಕಾರಣ ಯಾರು? ಅತಿಥಿಯನ್ನು ಗಮನಿಸದ ಹುಡುಗಿ! ದ್ರೋಹ ಮಾಡಿದವನು ನಿರಪರಾಧಿಯಾದ, ತಪ್ಪು ಅವಳ ತಲೆಗೆ ಬಂತು. ಕೊನೆಯ ಅಂಕದಲ್ಲಿ ಅವಳೂ ಇದು ನನ್ನ ಹಿಂದಿನ ಜನ್ಮದ ಕರ್ಮವೆಂದೇ ಹೇಳುತ್ತಾಳೆ. ಇತಿಹಾಸಕಾರ್ತಿ ರೊಮಿಲಾ ಥಾಪರ್ 1999ರಲ್ಲಿ ಶಕುಂತಲೆಯ ಈ ಬೇರೆ ಬೇರೆ ರೂಪಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಓದುವ ಹೆಣ್ಣುಮಕ್ಕಳಿದ್ದರೆ ಕೊಡಿಸಿ.

ಕಾಳಿದಾಸನಲ್ಲಿ ನನ್ನನ್ನು ಹೆಚ್ಚು ಕಾಡುವುದು ದುಷ್ಯಂತನಲ್ಲ, ಜೊತೆಗೆ ಬಂದವರು. ರಾಜ ಒಲ್ಲೆನೆಂದ ಮೇಲೆ ಶಾರ್ಙ್ಗರವ, ಶಾರದ್ವತ, ಹಿರಿಯಳಾದ ಗೌತಮಿ, ಮೂವರೂ ಹಿಂದಿರುಗಿ ಹೊರಡುತ್ತಾರೆ. ಅವಳು ಅಳುತ್ತಾ ಹಿಂಬಾಲಿಸಿದರೆ ಶಾರ್ಙ್ಗರವ ಗದರುತ್ತಾನೆ: ದಾಸಿಯಾಗಿಯಾದರೂ ಗಂಡನ ಮನೆಯಲ್ಲೇ ಇರು. ಗೌತಮಿಗೆ ಮರುಕವಿದೆ, ಆದರೂ ನಿಲ್ಲುವುದಿಲ್ಲ. ಮೊದಲು ಗಂಡ ಕೈಬಿಟ್ಟ, ಅದೇ ಗಳಿಗೆಯಲ್ಲಿ ತವರೂ ಬಿಟ್ಟಿತು. ಸೋದರಿಯರೆ, ಹೊಡೆತ ತಿಂದು ರಾತ್ರೋರಾತ್ರಿ ಬಂದ ಮಗಳನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ವಾಪಸು ಕಳಿಸುವವರು ಈ ಮೂವರ ವಂಶದವರೇ.

ಗುರುತಿಗೆ ಉಂಗುರ ಬೇಕಾಯಿತು ಎಂಬುದನ್ನೂ ಮರೆಯಬೇಡಿ. ಹೆಣ್ಣಿನ ಮಾತು ಸಾಕ್ಷಿಯಾಗಲಿಲ್ಲ, ಮೀನಿನ ಹೊಟ್ಟೆಯಲ್ಲಿ ಸಿಕ್ಕ ವಸ್ತು ಸಾಕ್ಷಿಯಾಯಿತು. ಈಗ ಆ ಜಾಗದಲ್ಲಿ ಕಾಗದವಿದೆ. ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದವರು ಆ ಕೆಲಸವನ್ನು ನಾಳೆಗೆ ಇಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮಿನಲ್ಲಿ, ಮದುವೆಯ ಉದ್ದೇಶವೇ ಇಲ್ಲದೆ ಮಾತು ಕೊಟ್ಟು ದೇಹಸಂಬಂಧ ಬೆಳೆಸಿದವನಿಗೆ 10 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಉದ್ದೇಶ ಇರಲಿಲ್ಲವೆಂದು ತೋರಿಸಬೇಕಲ್ಲ, ಅಲ್ಲೇ ಮತ್ತೆ ಉಂಗುರದ ಪ್ರಶ್ನೆ.

ಮಹಾಭಾರತದ ಸಭೆಗೆ ಮರಳೋಣ. ಶಕುಂತಲೆ ಹೊರಟಾಗ ಆಕಾಶವಾಣಿಯಾಯಿತು, ಅವಳು ಹೇಳಿದ್ದು ನಿಜವೆಂದಿತು. ರಾಜ ಕೂಡಲೇ, ನನಗೆ ಗೊತ್ತಿತ್ತು, ಬರೀ ಅವಳ ಮಾತಿನ ಮೇಲೆ ಒಪ್ಪಿದ್ದರೆ ಜನ ಸಂಶಯಪಡುತ್ತಿದ್ದರು ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕೋಪದಲ್ಲಿ ನನಗೆ ಆಡಿದ ಮಾತುಗಳನ್ನು ಕ್ಷಮಿಸಿದ್ದೇನೆ ಎಂದ. ಅವನು ಕ್ಷಮಿಸಿದನಂತೆ, ಅವಳನ್ನು! ಅದಕ್ಕೆ ಅವಳು ಕೊಟ್ಟ ಉತ್ತರ ನಾನು ಓದಿದ ಪಾಠದಲ್ಲಿ ಇಲ್ಲ. ಮಗನಿಗೆ ಭರತನೆಂದು ಹೆಸರಿಟ್ಟು ಯುವರಾಜ ಪಟ್ಟ ಕಟ್ಟಿದ್ದು ಮಾತ್ರ ಇದೆ. ಆಶ್ರಮದಲ್ಲಿ ಅವಳು ಹಾಕಿದ ಕರಾರು ಅದೇ ಆಗಿತ್ತು.