ಬಾಡಿಗೆ ಮನೆಗೆ ಬೊಕ್ಕಸದ ಹಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಗೃಹಸ್ಥನಿಗೆ ಮಾತ್ರವಲ್ಲ, ಸರ್ಕಾರಕ್ಕೂ ಸಲ್ಲುತ್ತದೆ. ಮನೆಯಿಲ್ಲದವರಿಗೆ ಸೂರು ಒದಗಿಸಲು ಸರ್ಕಾರಕ್ಕೆ ಎರಡು ದಾರಿಗಳುಂಟು. ತಾನೇ ಮನೆ ಕಟ್ಟಿಸುವುದು ಒಂದು. ಖಾಸಗಿಯವರ ಮನೆಗೆ ಬಾಡಿಗೆ ತೆರುವುದು ಇನ್ನೊಂದು. ಎರಡನ್ನೂ ನಡೆಸಿ ನೋಡಿದ ದೇಶ ಇಂಗ್ಲೆಂಡು.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಪುರಸಭೆಗಳು ಲಕ್ಷಗಟ್ಟಲೆ ಮನೆಗಳನ್ನು ಕಟ್ಟಿಸಿ ಅಲ್ಪ ಬಾಡಿಗೆಗೆ ಕೊಟ್ಟವು. 1980ರ ಶಾಸನವು, ವಾಸವಿದ್ದವರಿಗೇ ಆ ಮನೆಗಳನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನಿತ್ತಿತು. ಅನೇಕ ಕುಟುಂಬಗಳು ಸ್ವಂತ ಮನೆಯ ಭಾಗ್ಯ ಕಂಡವು, ನಿಜ. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಿಸಲಿಲ್ಲ. 1988ರ ಶಾಸನದಿಂದ, ಹೊಸದಾಗಿ ಕೊಡುವ ಖಾಸಗಿ ಮನೆಗಳ ಬಾಡಿಗೆಯ ಮೇಲಿದ್ದ ಹತೋಟಿಯೂ ತಪ್ಪಿತು.

ಮನೆಯಿಲ್ಲದ ಮಕ್ಕಳೊಂದಿಗರಿಗೆ, ವೃದ್ಧರಿಗೆ ನೆಲೆ ಕಾಣಿಸುವ ಹೊಣೆಯನ್ನು 1977ರಲ್ಲೇ ಪುರಸಭೆಗಳಿಗೆ ವಹಿಸಲಾಗಿತ್ತು. ಸ್ವಂತ ಮನೆಗಳು ಸಾಲದೆ ಅವು ಖಾಸಗಿ ಮನೆಗಳನ್ನೂ ಹೋಟೆಲು ಕೋಣೆಗಳನ್ನೂ ಹಿಡಿಯಬೇಕಾಯಿತು. 2023-24ರಲ್ಲಿ ಈ ತಾತ್ಕಾಲಿಕ ವಸತಿಗೆಂದು ಅವು ವೆಚ್ಚಮಾಡಿದ್ದು ಸುಮಾರು 230 ಕೋಟಿ ಪೌಂಡು. ತಾವೇ ಕಟ್ಟಿಸಿ ಮಾರಿದ್ದ ಮನೆಗೆ ಮರಳಿ ಬಾಡಿಗೆ ತೆತ್ತ ಪುರಸಭೆಗಳೂ ಉಂಟು.

ಹಾಗಾದರೆ ಬಾಡಿಗೆಯ ನೆರವು ವ್ಯರ್ಥವೇ? ಅಲ್ಲ. ಈ ರಾತ್ರಿ ಬೀದಿಯಲ್ಲಿರುವ ತಾಯಿಮಕ್ಕಳು ಕಟ್ಟಡ ಏಳುವವರೆಗೆ ಕಾಯಲಾರರು. ಆದರೆ ಅದೊಂದನ್ನೇ ನೆಚ್ಚಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಎಷ್ಟು ಸುರಿದರೂ ಜನತೆಯ ಪಾಲಿಗೆ ಒಂದು ಇಟ್ಟಿಗೆಯೂ ಉಳಿಯದು. ಬಾಡಿಗೆ ತೆರುತ್ತಿರುವಾಗಲೇ ಕಟ್ಟುವ ಕೆಲಸವೂ ಸಾಗಬೇಕು. ಮಾರಿದ ಮನೆಗೆ ಬದಲಾಗಿ ಇನ್ನೊಂದು ಏಳಬೇಕು. ಇಂಗ್ಲೆಂಡಿನ ಅನುಭವದಿಂದ ಯಾವ ದೇಶವೂ ಕಲಿಯಬಹುದಾದ ಪಾಠ ಇದು.